ಹೆಬ್ರಿ ಕಡೆ ತೋಟ ಇದ್ದವರಿಗೆ: ಬೇಲಿ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು

ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲಿ ತೋಟ ಮಾಡಿದವರಿಗೆ ಹಂದಿ, ಕಾಟಿ (ಕಾಡುಕೋಣ), ಮಂಗ ಹೊಸತಲ್ಲ. ಆದರೆ ಇಡೀ ಜಾಗಕ್ಕೆ ಬೇಲಿ ಹಾಕ್ತೇನೆ ಅಂತ ಹೊರಡಬೇಡಿ. ದುಡ್ಡೂ ಹೋಗುತ್ತದೆ, ಹಂದಿ ಪಕ್ಕದ ಮನೆಯವರ ಗದ್ದೆಗೆ ನುಗ್ಗುತ್ತದೆ, ಆಮೇಲೆ ಅವರ ಜತೆ ಮಾತು ಬಿಟ್ಟ ಹಾಗೇ.

ಮೊದಲು ಒಂದು ವಾರ ಬೆಳಿಗ್ಗೆ ಬೇಗ ಎದ್ದು ತೋಟದ ಸುತ್ತ ನಡೆಯಿರಿ. ಹೆಜ್ಜೆ, ಸಗಣಿ, ಅಗೆದ ಮಣ್ಣು ನೋಡಿ. ಜಾಸ್ತಿ ಅವು ತೋಡಿನ (ಸಣ್ಣ ಹಳ್ಳದ) ಬದಿ ಹಿಡಿದೇ ಬರುತ್ತವೆ. ಆ ದಾರಿ ಬಿಟ್ಟುಬಿಡಿ. ಬೇಲಿ ಗದ್ದೆಗೆ, ಎಳೆ ಅಡಿಕೆ ಸಸಿಗೆ ಮಾತ್ರ ಸಾಕು.

ಬೇಲಿ ಸೋಲಾರ್‌ದ್ದೇ ಇರಲಿ, ಕೆಲವರು ಐಬೆಕ್ಸ್ ಅನ್ನುವುದು ಅದನ್ನೇ. ಅದರಲ್ಲಿ ಕರೆಂಟ್ ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಸಲ ಹೊಡೆದು ನಿಲ್ಲುತ್ತದೆ, ಹಾಗಾಗಿ ಪ್ರಾಣಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ಕಂಬದಿಂದ ನೇರ ಲೈನ್ ಎಳೆಯಲು ಯಾರಾದರೂ ಹೇಳಿಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ. ಹುಲ್ಲಿಗೆ ಹೋದ ಮನುಷ್ಯರೇ ಸಾಯುತ್ತಾರೆ, ಮೇಲೆ ಕೇಸು ಬೇರೆ. ಮಳೆಗಾಲದಲ್ಲಿ ಬಳ್ಳಿ ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕಿಳಿಯುತ್ತದೆ, ವಾರಕ್ಕೊಮ್ಮೆ ಕತ್ತಿ ಹಿಡಿದು ಸವರಲೇಬೇಕು. ಒಂದು ಆಟಿ ತಿಂಗಳ ಮಳೆಯಲ್ಲಿ ನಾನು ಉದಾಸೀನ ಮಾಡಿದೆ. ಮರಗೆಣಸು ಒಂದೂ ಉಳಿಯಲಿಲ್ಲ.

ಮರಗೆಣಸು, ಬಾಳೆ ಗುಡ್ಡೆ ಬದಿಗೆ ನೆಟ್ಟರೆ ಕರೆದು ಬಡಿಸಿದ ಹಾಗೆ. ಮನೆ ಹತ್ತಿರ ನೆಡಿ. ಗುಡ್ಡೆಗೆ ಅಕೇಶಿಯಾ ಬೇಡ, ಅದರಡಿ ತಿನ್ನಲು ಏನಿದೆ ಹೇಳಿ? ಪುನರ್ಪುಳಿ (ಕೋಕಂ), ಹೆಬ್ಬಲಸು, ನೇರಳೆ, ಕಾಟುಮಾವು ಬೆಳೆಯಲಿ. ಪುನರ್ಪುಳಿ ಸಿಪ್ಪೆ ಒಣಗಿಸಿ ಮಾರಿದರೆ ನಾಲ್ಕು ಕಾಸೂ ಆಗುತ್ತದೆ. ಇದರಿಂದ ಮಂಗ ಬೊಂಡ (ಎಳನೀರು) ಬಿಡುತ್ತದೆ ಅಂತ ನಾನು ಹೇಳುವುದಿಲ್ಲ, ಸ್ವಲ್ಪ ಕಮ್ಮಿ ಆದರೆ ಅದೇ ಲಾಭ.

ಗದ್ದೆಗೆ ನವಿಲು ಬಂತೆಂದು ವಿಷ ಇಡಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಯಲ್ಲಿದೆ.

ಬಾವಿಗೆ ದಂಡೆ ಇಲ್ಲವಾದರೆ ಕಟ್ಟಿಸಿ, ಮೇಲೊಂದು ಬಲೆ ಹಾಕಿ. ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಬಾವಿಗೆ ಬೀಳುವುದು ನಮ್ಮ ಕಡೆ ಮತ್ತೆ ಮತ್ತೆ ಆಗುತ್ತದೆ. ರಾತ್ರಿ ನಾಯಿ ಒಳಗಿರಲಿ.

ಇಷ್ಟಾದರೂ ಬೆಳೆ ಹೋದರೆ ಸುಮ್ನೆ ಬೈಯುತ್ತಾ ಕೂರಬೇಡಿ. ಬಿದ್ದದ್ದನ್ನು ಎತ್ತುವ ಮೊದಲು ಫೋಟೋ ತೆಗೆದು, ಆರ್‌ಟಿಸಿ, ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ವಲಯ ಅರಣ್ಯ ಕಚೇರಿಗೆ ಹೋಗಿ ಪರಿಹಾರಕ್ಕೆ ಅರ್ಜಿ ಕೊಡಿ. ಕುಮ್ಕಿಯಲ್ಲಿ, ಅಂದರೆ ನಮ್ಮ ಪಟ್ಟಾ ಜಾಗಕ್ಕೆ ತಾಗಿ ಇರುವ ಜಾಗದಲ್ಲಿ ನೆಟ್ಟದ್ದಾದರೆ ಮಾತ್ರ ಕಷ್ಟ, ಆ ಜಾಗ ಸರ್ಕಾರದ ಹೆಸರಲ್ಲೇ ಇರುವುದು ಅಲ್ವಾ.