ನಾತ ಹೋಯಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ

ಕೆಲಸಕ್ಕೆ ಸೇರಿದ ಎರಡೇ ವಾರಕ್ಕೆ ನನ್ನ ಬೆಳ್ಳಿ ಉಡದಾರ ಕಪ್ಪಾಯಿತು. "ಯಾರದೋ ದೃಷ್ಟಿ ಬಿದ್ದದ" ಅಂದಳು ಅವ್ವ. ದೃಷ್ಟಿ ಅಲ್ಲ, ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್. ಪ್ಲಾಂಟಿನಲ್ಲಿ ಎಲ್ಲರೂ ಅದನ್ನು ಎಚ್‌ಟುಎಸ್ ಅನ್ನುತ್ತಾರೆ.

ನಾನಿರುವುದು ಉತ್ತರ ಕರ್ನಾಟಕದ ಒಂದು ಡಿಸ್ಟಿಲರಿಯಲ್ಲಿ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ನಮ್ಮ ಡೈಜೆಸ್ಟರ್‌ಗೆ, ಅಂದರೆ ಅದನ್ನು ಕೊಳೆಸುವ ಮುಚ್ಚಿದ ಟ್ಯಾಂಕಿಗೆ, ಬರುತ್ತದೆ. ಅದರಿಂದ ಹುಟ್ಟುವ ಬಯೋಗ್ಯಾಸ್ ಬಾಯ್ಲರ್‌ಗೆ ಹೋಗುತ್ತದೆ. ವಿಷ ತೊಳೆದು ತೆಗೆಯುವ ಸ್ಕ್ರಬ್ಬರ್‌ಗೆ ಹೋಗುವ ಮುಂಚೆ ಆ ಗ್ಯಾಸಿನಲ್ಲಿ ಮೀಥೇನ್ ಜೊತೆ ನೂರಕ್ಕೆ ಎರಡು-ಮೂರು ಪಾಲು ಎಚ್‌ಟುಎಸ್ ಇರುತ್ತದೆ. ಎರಡು ಪಾಲು ಅಂದರೆ 20,000 ಪಿಪಿಎಂ, ಹತ್ತು ಲಕ್ಷ ಪಾಲಿನಲ್ಲಿ ಇಪ್ಪತ್ತು ಸಾವಿರ. 1,000 ಪಿಪಿಎಂ ಸಿಕ್ಕರೂ ಒಂದೆರಡು ಉಸಿರಿಗೇ ಆಳು ನೆಲಕ್ಕೆ ಬೀಳುತ್ತಾನೆ.

ಕೊಳೆತ ಮೊಟ್ಟೆಯ ನಾತ ಬಂದರೆ ಗೊತ್ತಾಗುತ್ತಲ್ವಾ ಅಂತ ಹೊಸ ಹುಡುಗರು ಕೇಳುತ್ತಾರೆ. ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಗೊತ್ತಾಗುತ್ತದೆ, ನಿಜ. 100 ದಾಟಿದರೆ ಮೂಗೇ ಸೋಲುತ್ತದೆ. ನಾತ ನಿಂತಿತು, ಗಾಳಿ ಬೀಸಿರಬೇಕು ಅಂದುಕೊಂಡು ಇನ್ನೊಂದು ಹೆಜ್ಜೆ ಮುಂದಿಡುತ್ತೇವೆ, ಅಲ್ಲೇ ಕೆಡುವುದು. ಅದಕ್ಕೇ ಕಾಲರಿಗೆ ಮೀಟರ್ ಸಿಕ್ಕಿಸಿಕೊಳ್ಳುವುದು. ಶಿಫ್ಟ್ ಶುರುವಾಗುವ ಮುಂಚೆ ಟೆಸ್ಟ್ ಗ್ಯಾಸ್ ಕೊಟ್ಟು ಅದು ಕೂಗುತ್ತದಾ ಅಂತ ನೋಡುತ್ತೇನೆ. ಕೂಗದ ಮೀಟರ್ ಬರೀ ಡಬ್ಬಿ.

ಆದರೆ ಮೀಟರ್ ಇದ್ದೂ ನಾನು ತಪ್ಪು ಮಾಡಿದೆ. ಸ್ಲಡ್ಜ್ ಸಂಪಿನೊಳಗೆ, ಅಂದರೆ ಕೆಸರು ನಿಲ್ಲುವ ಗುಂಡಿಯೊಳಗೆ, ಒಂದು ವಾಲ್ವ್ ಜಾಮ್ ಆಗಿತ್ತು. ಬ್ಲೋವರ್ ಹಚ್ಚಿದೆವು. ಪೈಪ್ ಇಳಿಬಿಟ್ಟು ಮೇಲೆ, ನಡುವೆ, ತಳ, ಮೂರೂ ಕಡೆ ಗ್ಯಾಸ್ ಅಳೆದೆ. 4 ಪಿಪಿಎಂ. ಒಳಗೆ ಇಳಿಯಲು ಬೇಕಾದ ಪರ್ಮಿಟ್‌ಗೆ ಸಹಿ ಹಾಕಿದೆ. ಹುಡುಗ ಏಣಿ ಇಳಿದು ರಾಡಿನಿಂದ ವಾಲ್ವ್ ಸುತ್ತಲಿನ ಕೆಸರು ಕೆದಕಿದ. ನಿಂತ ಸ್ಲಡ್ಜ್‌ನಲ್ಲಿ ಗ್ಯಾಸ್ ಕರಗಿಕೊಂಡು ಕೂತಿರುತ್ತದೆ, ಕಲಕಿದರೆ ಸೋಡಾ ಬಾಟಲಿಯ ಹಾಗೆ ಉಕ್ಕುತ್ತದೆ. ಅವನ ಮೀಟರ್ ಕೂಗಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ. ಮೊಣಕಾಲು ಮಡಚಿ ಕುಸಿದ. ಮಾತಿಲ್ಲ, ಕೆಮ್ಮೂ ಇಲ್ಲ.

ನಾನು ಏಣಿಗೆ ಕಾಲಿಟ್ಟಿದ್ದೆ. ಶಿಫ್ಟಿನ ಹಿರಿಯರು, ನಾವು ಕಾಕಾ ಅನ್ನುವವರು, ಬೆನ್ನ ಹಿಂದಿನಿಂದ ಅಂಗಿ ಹಿಡಿದೆಳೆದರು. "ಇಳೀಬ್ಯಾಡೋ ತಮ್ಮಾ, ನೀನೂ ಅಲ್ಲೇ ಮಲಗ್ತಿ. ಹಗ್ಗ ಎಳಿ!" ಅವನಿಗೆ ಹಾರ್ನೆಸ್, ಅಂದರೆ ಹಗ್ಗ ಕಟ್ಟುವ ಮೈಪಟ್ಟಿ, ಹಾಕಿಸಿದ್ದೆವು. ಟ್ರೈಪಾಡಿನ ವಿಂಚ್ ತಿರುಗಿಸಿ ಮೇಲೆತ್ತಿದೆವು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡಿಕೊಂಡು, ಗಾಳಿ ಬರುವ ಕಡೆಗೆ ಒಯ್ದು ಮಲಗಿಸಿದೆವು. ಬಾಯಿಗೆ ಬಾಯಿ ಇಡಲಿಲ್ಲ, ಊದುವವನಿಗೂ ಗ್ಯಾಸ್ ತಗಲಬಹುದು. ಬ್ಯಾಗ್-ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು "ಏನಾತು?" ಅಂದ. ಆದರೂ ಆಸ್ಪತ್ರೆಗೆ ಕಳಿಸಿದೆವು. ಎಷ್ಟೋ ಗಂಟೆ ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಯಾವ ಗ್ಯಾಸ್ ಅಂತ ಚೀಟಿಯಲ್ಲಿ ಬರೆದು ಜೊತೆಗೆ ಕೊಟ್ಟೆ.

ಹಾರ್ನೆಸ್ ಇರದಿದ್ದರೆ ಏರ್ ಸಿಲಿಂಡರ್ ಕಟ್ಟಿಕೊಂಡೇ ಇಳಿಯಬೇಕಿತ್ತು. ನಮ್ಮದು 6 ಲೀಟರ್, 300 ಬಾರ್ ಒತ್ತಡದ್ದು. ಲೆಕ್ಕಕ್ಕೆ 45 ನಿಮಿಷ, ಆಳನ್ನು ಎತ್ತುವ ಕೆಲಸಕ್ಕೆ ಅರ್ಧ ಗಂಟೆ ಬಂದರೆ ಜಾಸ್ತಿ. ಗಡ್ಡ ಇದ್ದರೆ ಮಾಸ್ಕ್ ಕೂರುವುದಿಲ್ಲ. ಈ ಮಾತಿಗೆ ನನ್ನ ಮೇಲೆ ಮುನಿಸಿಕೊಂಡವರು ಇದ್ದಾರೆ, ಇರಲಿ.

ಬೆಂಕಿಯದು ಬೇರೆ ಕಥೆ. ಗಾಳಿಯಲ್ಲಿ ಎಚ್‌ಟುಎಸ್ ನೂರಕ್ಕೆ 4 ಪಾಲು ಆದರೆ ಸಾಕು, ಹತ್ತಿಕೊಳ್ಳುತ್ತದೆ. ಸಂಪಿನ ಹತ್ತಿರ ಮೊಬೈಲ್ ಇಲ್ಲ, ಟಾರ್ಚ್‌ನಿಂದ ಬ್ಲೋವರ್‌ವರೆಗೆ ಎಲ್ಲ ಕಿಡಿ ಹಾರದ್ದೇ. ಲೈನ್ ಸೋರಿ ಉರಿ ಹತ್ತಿದರೆ ಮೊದಲು ವಾಲ್ವ್ ಮುಚ್ಚುತ್ತೇವೆ. ಗ್ಯಾಸ್ ನಿಲ್ಲಿಸದೆ ಉರಿ ಮಾತ್ರ ಆರಿಸಿದರೆ ಅದೇ ವಿಷ ಸುಮ್ನೆ ಹರಡಿ ಮತ್ತೊಂದು ಕಿಡಿಗೆ ಕಾಯುತ್ತದೆ.

ಈಗ ಆ ವಾಲ್ವ್‌ಗೆ ಉದ್ದ ರಾಡ್ ಬೆಸೆದು ಹ್ಯಾಂಡ್‌ವೀಲ್ ಮೇಲಕ್ಕೆ ತಂದಿದ್ದೇವೆ. ಅದಕ್ಕಾಗಿ ಯಾರೂ ಇಳಿಯಬೇಕಿಲ್ಲ. ವರ್ಕ್‌ಶಾಪಿನಲ್ಲಿ ಅರ್ಧ ದಿನದ ಕೆಲಸ ಅಷ್ಟೇ.