ದಾನಿಗಳ ಹೆಸರಿಲ್ಲದ ನಮ್ಮೂರ ಯೋಧರ ಕಲ್ಲು: ನನ್ನ ಅನುಭವ

ಕೊಡಗಿನಲ್ಲಿ ಯೋಧರ ಸ್ಮಾರಕ ಅಂದರೆ ಹೊಸ ವಿಷಯ ಏನಲ್ಲ. ಮಡಿಕೇರಿಯಲ್ಲಿ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ ವಾಪಸ್ ಬರದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಪ್ರತಿಮೆ ಇದೆ. ಆದರೆ ಒಂದು ಹಳ್ಳಿ, ಸರ್ಕಾರದ ದುಡ್ಡಿಲ್ಲದೆ, ಒಬ್ಬ ದಾನಿಯ ಹೆಸರನ್ನೂ ಕೆತ್ತದೆ, ತನ್ನ ಯೋಧರಿಗೆ ಕಲ್ಲು ನಿಲ್ಲಿಸುತ್ತದೆ ಅಂದಾಗ ನಂಬಿದವರು ಕಮ್ಮಿ. ದಾನಿಗಳ ಹೆಸರಿಲ್ಲದೆ ಯಾರು ದುಡ್ಡು ಕೊಡ್ತಾರೆ ಅಂತಲೇ ಎಲ್ಲರ ಮಾತು. ಕಲ್ಲು ನಿಂತು ನಾಲ್ಕೈದು ಮಳೆಗಾಲ ಆಯ್ತು. ಒಂದು ಅಕ್ಷರ ಮಾಸಿಲ್ಲ. ಅಕ್ಕಪಕ್ಕದ ಊರಿನವರು ಬಂದು ಅಳತೆ ತಗೊಂಡು ಹೋಗ್ತಾ ಇದ್ದಾರೆ. ಅವರಿಗೆಲ್ಲ ಒಂದೇ ಕಡೆ ಹೇಳಿದ ಹಾಗಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಸಮಿತಿ ಕೈ ಹಾಕುವ ಮೊದಲೇ ಊರಲ್ಲಿ ಎರಡು ಪ್ರಯತ್ನ ಆಗಿ ಹೋಗಿತ್ತು. ಮೊದಲನೆಯದು ಬಂದೂಕು ಹಿಡಿದ ಯೋಧನ ಪ್ರತಿಮೆ. ಫೈಬರ್‌ನಲ್ಲಿ 5 ಲಕ್ಷದ ಹತ್ತಿರ, ಕಂಚಿನಲ್ಲಾದರೆ ಅದರ ಮೂರರಷ್ಟು ಅಂದರು. ನಾಲ್ಕು ರಸ್ತೆ ಸೇರುವಲ್ಲಿ ಇಡುವ ಆಸೆ ಬೇರೆ. ಆದರೆ ಸಾರ್ವಜನಿಕ ರಸ್ತೆ, ಫುಟ್‌ಪಾತ್ ಮೇಲೆ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ 2013ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ಅಲ್ಲಿಗೆ ಅದು ನಿಂತಿತು.

ಎರಡನೆಯದು ಪಾಲಿಶ್ ಮಾಡಿದ ಚಪ್ಪಡಿ. ಒಂದು ಅಂಗಡಿಯವರು ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ರಬ್ಬರ್ ಸ್ಟೆನ್ಸಿಲ್ ಅಂಟಿಸಿ, ಮರಳು ಹೊಡೆಸಿ, ಚಿನ್ನದ ಬಣ್ಣ ತುಂಬಿ ಕೊಟ್ಟರು. 60 ಸಾವಿರ ಆಗಿರಬೇಕು. ಇಂಗ್ಲಿಷಿಗೆ ಸರಿ ಹೋಗುವ ಈ ಕೆಲಸ ಕನ್ನಡಕ್ಕೆ ಯಾಕೆ ಕೈ ಕೊಡುತ್ತದೆ ಅಂತ ಆಗ ಗೊತ್ತಾಯ್ತು. ನಮ್ಮ ಅಕ್ಷರದ ಹೊಟ್ಟೆಯೊಳಗೆ ಸಣ್ಣ ಸಣ್ಣ ದ್ವೀಪಗಳಿರುತ್ತವೆ. ಮರಳು ಬಿದ್ದಾಗ ಅಲ್ಲಿನ ರಬ್ಬರ್ ತುಂಡೇ ಹಾರಿ ಹೋಗುತ್ತದೆ. ‘ತಿಮ್ಮಯ್ಯ’ ಅಂತ ಬರೆದರೆ ಕೆಳಗಿನ ಎರಡು ಒತ್ತೂ ಬರೀ ಗುಳಿ. ಚಿನ್ನದ ಬಣ್ಣ ಒಂದು ಜೂನ್-ಜುಲೈ ಕೂಡ ತಾಳಲಿಲ್ಲ, ಸಿಪ್ಪೆ ಎದ್ದಿತು. ಅಂಗಡಿಯವರು ಮತ್ತೆ ಬಣ್ಣ ತುಂಬಲು ಬೇರೆ ದುಡ್ಡು ಕೇಳಿದರು. ಊರಿನವರಿಗೆ ಸ್ಮಾರಕ ಅನ್ನೋ ಮಾತೇ ಬೇಡ ಅನ್ನಿಸಿದ್ದು ಆಗ.

ಜಾಗದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಒಬ್ಬರು ಪ್ರೀತಿಯಿಂದ ಎರಡು ಸೆಂಟ್ ಕೊಡಲು ಬಂದರು. ಆದರೆ ಅದು ಜಮ್ಮಾ ಬಾಣೆ, ಅಂದರೆ ಕೊಡಗಿನ ಕುಟುಂಬಗಳು ತಲೆತಲಾಂತರದಿಂದ ಹಿಡಿದುಕೊಂಡು ಬಂದ ಜಮೀನು. ದಾಖಲೆ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಲ್ಲಿತ್ತು, ಹಕ್ಕು ಇಡೀ ಕುಟುಂಬದ್ದಾಗಿತ್ತು. ಎಲ್ಲರ ಸಹಿ ತರುವಷ್ಟರಲ್ಲಿ ನಮ್ಮ ಆಯುಸ್ಸು ಮುಗಿಯುತ್ತಿತ್ತು. ಕೊನೆಗೆ ಊರ ಸಂಘದ ಕಟ್ಟಡದ ಅಂಗಳವೇ ಆಯ್ತು. ಅದಕ್ಕೆ ನೋಂದಣಿ ಕಾಗದ ಮೊದಲೇ ಇತ್ತು.

ಈಗ ದುಡ್ಡು. ಮನೆಗೆ 1,000 ರೂಪಾಯಿ. ಒಂದು ಮನೆಗೆ ಒಂದೇ ಸಲ, ಎಲ್ಲರಿಗೂ ಒಂದೇ ಮೊತ್ತ. ತೋಟದ ಮಾಲೀಕರಿಗೂ ಅಷ್ಟೇ, ಅಲ್ಲಿನ ಕಾರ್ಮಿಕರ ಲೈನ್‌ಮನೆಯವರಿಗೂ ಅಷ್ಟೇ. ಕೊಡಲಾಗದವರು ಗುಂಡಿ ತೋಡಲು, ಕಲ್ಲು ಹೊರಲು ಬಂದರು. ಅದನ್ನೂ ಲೆಕ್ಕದ ಪುಸ್ತಕದಲ್ಲಿ 1,000 ಅಂತಲೇ ಬರೆದೆವು. ಒಬ್ಬರು 2 ಲಕ್ಷ ಕೊಡ್ತೇನೆ, ಕೆಳಗೆ ತಂದೆಯ ಹೆಸರು ಹಾಕಿ ಅಂದರು. ಆಗಲ್ಲ ಅಂದೆ. ಸಮಿತಿಯಲ್ಲೇ ಕೆಲವರು ನನ್ನ ಮೇಲೆ ಸಿಟ್ಟಾಗಿ ಎದ್ದು ಹೋದರು. ಆ ಸುದ್ದಿ ಊರಲ್ಲಿ ಹರಡಿದ ಮೇಲೆಯೇ ದುಡ್ಡು ಬರಲು ಶುರುವಾಗಿದ್ದು. ಬೆಂಗಳೂರು, ಗಲ್ಫ್ ಕಡೆ ಇರುವ ಮಕ್ಕಳೂ ತಮ್ಮ ಮನೆಯ ಪಾಲು ಅಂತ ಕಳಿಸಿದರು. ಒಟ್ಟು 2 ಲಕ್ಷ 60 ಸಾವಿರದ ಮೇಲೆ ಸ್ವಲ್ಪ.

ಹೆಸರಿನ ಪಟ್ಟಿಗೆ ಹಿಡಿದಷ್ಟು ಕಾಲ ಕಲ್ಲಿಗೆ ಹಿಡಿಯಲಿಲ್ಲ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಉದ್ಘಾಟನೆ ಆಯ್ತಲ್ಲ, ಅಲ್ಲಿ ಇರುವುದು ಸ್ವಾತಂತ್ರ್ಯದ ನಂತರ ಮಡಿದವರು. ಅದಕ್ಕೂ ಹಿಂದಿನವರಿಗೆ, ಎರಡು ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲೆ ನೋಡಬೇಕು. ಎರಡನೇ ಮಹಾಯುದ್ಧದ ಲೆಕ್ಕವನ್ನು ಅವರು 1947ರ ಡಿಸೆಂಬರ್ 31ರವರೆಗೂ ಹಿಡಿದಿದ್ದಾರೆ. ಬರ್ಮಾದಲ್ಲಿ ಮಡಿದವರನ್ನು ರಂಗೂನ್ ಸ್ಮಾರಕದ ಪಟ್ಟಿಯಲ್ಲಿ ಹುಡುಕಿ. ಸಮಾಧಿಯೇ ಸಿಗದ ಸುಮಾರು 27,000 ಜನರ ಹೆಸರು ಅಲ್ಲಿದೆ. ಆದರೆ ಹೆಸರು ಹಾಕಿ ಹುಡುಕಿದರೆ ತಲೆ ಕೆಡುತ್ತದೆ. ಬ್ರಿಟಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಬಾಯಿಗೆ ಬಂದ ಹಾಗೆ ಬರೆದಿದ್ದಾರೆ. ಸರ್ವೀಸ್ ನಂಬರ್ ಹಾಕಿ ಹುಡುಕಿ.

ಆ ನಂಬರ್ ಎಲ್ಲಿರುತ್ತದೆ? ಎಷ್ಟೋ ಮೆಡಲಿನ ಅಂಚಿನಲ್ಲಿ. ಒಬ್ಬರು ಅಜ್ಜಿ ತಮ್ಮ ದೊಡ್ಡಪ್ಪನ ಮೆಡಲನ್ನು ಅಕ್ಕಿ ಡಬ್ಬದಲ್ಲಿ ಬಟ್ಟೆಗೆ ಸುತ್ತಿ ಇಟ್ಟಿದ್ದರು. ಅಂಚು ಕಪ್ಪಾಗಿ ಏನೂ ಕಾಣುತ್ತಿರಲಿಲ್ಲ. ಸೊಸೆ ಹುಣಸೆಹಣ್ಣು ತರಲು ಎದ್ದಳು, ಬೇಡ ಅಂತ ತಡೆದೆ. ಉಜ್ಜಿದರೆ ಇರುವ ಅಕ್ಷರವೂ ಹೋಗುತ್ತದೆ. ಕಿಟಕಿ ಮುಚ್ಚಿಸಿ, ಮೊಬೈಲ್ ಟಾರ್ಚನ್ನು ಮೆಡಲಿಗೆ ಅಡ್ಡಡ್ಡ ಹಿಡಿದು ನಿಧಾನ ತಿರುಗಿಸಿದೆ. ನೆರಳಲ್ಲಿ ಮೊದಲು ನಂಬರ್ ಎದ್ದಿತು, ಆಮೇಲೆ ರ‍್ಯಾಂಕ್, ಆಮೇಲೆ ಹೆಸರು. ಅಜ್ಜಿ ಹೇಳುತ್ತಿದ್ದ ಹೆಸರೇ. ಆ ಮನೆಯವರು ಅವತ್ತೇ ಪಾಲು ತಂದು ಕೊಟ್ಟರು.

ಯಾರ ಹೆಸರು ಇರಬೇಕು ಅನ್ನೋದಕ್ಕೆ ಜಗಳ ಆಗಿಯೇ ಆಗುತ್ತದೆ, ತಯಾರಾಗಿರಿ. ಗುಂಡೇಟಿಗೆ ಸತ್ತವರು ಮಾತ್ರ ಅಂತ ಒಂದು ಗುಂಪು. ನಾನು ಕೇಳಿದ್ದು ಒಂದೇ. 2016ರಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಕ್ಕಿ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ್ ಅವರನ್ನು ಯೋಧ ಅಲ್ಲ ಅಂತೀರಾ? ಸಮವಸ್ತ್ರದಲ್ಲಿ ಸತ್ತವರೆಲ್ಲ ಇರಲಿ ಅಂತ ತೀರ್ಮಾನ ಆಯ್ತು. ಕ್ರಮ ಸತ್ತ ದಿನಾಂಕದ ಪ್ರಕಾರ, ರ‍್ಯಾಂಕ್ ಪ್ರಕಾರ ಅಲ್ಲ. ಅಧಿಕಾರಿಯ ಮನೆಯವರೂ ಇದಕ್ಕೆ ಒಪ್ಪಿದ್ದು ನನಗೆ ಈಗಲೂ ಹೆಮ್ಮೆ. ಮನೆಮಂದಿ ಬಾಯಲ್ಲಿ ಕರೆಯುವ ರೂಪದಲ್ಲೇ ಹೆಸರು ಬರೆಸಿ, ಮನೆಯ ಹಿರಿಯರಿಂದ ಸಹಿ ಹಾಕಿಸಿಕೊಂಡೆವು.

ಕಲ್ಲು ಆರಿಸುವ ಮೊದಲು ಒಂದು ಪ್ರಯೋಗ ಮಾಡಿದ್ದೆ. ಮುರಕಲ್ಲು (ಜಂಬಿಟ್ಟಿಗೆ), ಸಾದರಹಳ್ಳಿಯ ಬೂದು ಕಲ್ಲು, ಕಾರ್ಕಳದ ಕಲ್ಲು, ಚಾಮರಾಜನಗರದ ಕಪ್ಪು ಗ್ರಾನೈಟ್, ಎಲ್ಲದರ ತುಂಡನ್ನೂ ಹಲಸಿನ ಮರದ ಕೆಳಗೆ ಇಡೀ ಮಳೆಗಾಲ ಬಿಟ್ಟೆ. ಮುರಕಲ್ಲು ಆಗಸ್ಟ್‌ಗೇ ಹಸಿರು. ಬೂದು ಕಲ್ಲಿನ ಹರಳು ದಪ್ಪ, ಸಣ್ಣ ಒತ್ತು ಕೆತ್ತಿದರೆ ಕಿತ್ತು ಬರುತ್ತದೆ. ಕಾರ್ಕಳದ್ದು ಚೆನ್ನಾಗಿತ್ತು, ನಮ್ಮ ಅಳತೆಗೆ ಸಿಗಲಿಲ್ಲ. ಚಾಮರಾಜನಗರದ ಕಲ್ಲು ನುಣುಪು ಹರಳಿನದು. ಪಾಲಿಶ್ ಮೈ ಕಪ್ಪಗಿರುತ್ತದೆ, ಕೆತ್ತಿದ ಕಡೆ ತಾನಾಗಿ ಬಿಳಿ ಬೂದು ಬರುತ್ತದೆ. ಬಣ್ಣವೇ ಬೇಡ! ಎಂಟು ಅಡಿ ಎತ್ತರ, ಮೂರಡಿ ಅಗಲ, ಎಂಟಿಂಚು ದಪ್ಪ ತರಿಸಿದೆವು. ತೂಕ ಒಂದು ಟನ್ನಿನ ಮೇಲೆ. ಪಾಲಿಶ್, ಸಾಗಾಣಿಕೆ ಸೇರಿ 90 ಸಾವಿರ.

ಕೆತ್ತನೆಗೆ ದೇವಸ್ಥಾನದ ಕೆಲಸ ಮಾಡುವ ಶಿಲ್ಪಿಯನ್ನು ಹಿಡಿದೆ. ಅವರು ಕಂಪ್ಯೂಟರ್ ಅಕ್ಷರ ಬೇಡ ಅಂದು, ಕೆಮ್ಮಣ್ಣಿನಲ್ಲಿ ಕುಂಚ ಅದ್ದಿ ಕಲ್ಲಿನ ಮೇಲೇ ಬರೆದುಕೊಂಡರು. ಅಕ್ಷರ ಒಂದೂಕಾಲು ಇಂಚು. ಅದಕ್ಕಿಂತ ಸಣ್ಣದಾದರೆ ಒತ್ತು ಉಳಿಯಲ್ಲ. ಸಾಲಿನ ಮಧ್ಯೆ ಜಾಗ ಧಾರಾಳ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಳ ನಾಲ್ಕು ಮಿಲಿಮೀಟರ್, ವಿ ಆಕಾರದ ತೋಡು. 800 ಅಕ್ಷರದ ಹತ್ತಿರ, ಅಕ್ಷರಕ್ಕೆ 70 ರೂಪಾಯಿ. ಮಳೆಯಲ್ಲಿ ಕಲ್ಲು ನೆನೆದಾಗಲೂ ಅಕ್ಷರ ಕಾಣಲಿ ಅಂತ ಕೊನೆಗೆ ತೋಡಿಗೆ ಒಂದು ವಸ್ತು ತಿಕ್ಕಿದೆವು. ಅದು ಏನು ಅಂತ ಇಲ್ಲಿ ಬರೆಯಲ್ಲ. ಶಿಲ್ಪಿಗೆ ಮಾತು ಕೊಟ್ಟಿದ್ದೇನೆ.

ನಿಲ್ಲಿಸುವಾಗ ಮತ್ತೆ ತಕರಾರು. ಸಿಮೆಂಟ್ ಕಟ್ಟೆ ಇಲ್ಲದೆ ಬೀಳುತ್ತದೆ, ಆನೆ ಬಂದು ತಳ್ಳುತ್ತದೆ ಅಂದರು. ನಮ್ಮ ನಾಡಿನ ವೀರಗಲ್ಲುಗಳು ಯಾವ ಸಿಮೆಂಟಿನ ಮೇಲೆ ನಿಂತಿದ್ದವು? ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೂ 10ನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದ ಜನ ನಾವು. ಎರಡಡಿ ನೆಲದೊಳಗೆ ಇಳಿಸಿ, ಸುತ್ತ ಕಾಡುಗಲ್ಲು ಬಿಗಿದು, ಜಲ್ಲಿ ತುಂಬಿ ಗುದ್ದಿದೆವು. ನೀರು ನಿಲ್ಲುವುದಿಲ್ಲ, ಕಲ್ಲು ಅಲುಗಿಲ್ಲ. ತಲೆಯನ್ನು ಹಿಂದಕ್ಕೆ ಇಳಿಜಾರು ಮಾಡಿಸಿ, ನೀರು ಅಕ್ಷರದ ಮೇಲೆ ಹರಿಯದೆ ಹಿಂಬದಿಗೆ ಹೋಗುವ ಹಾಗೆ ಮಾಡಿದ್ದು ನನ್ನದೇ ಯೋಚನೆ. ಕ್ರೇನ್, ಗುಂಡಿಗೆ 30 ಸಾವಿರ, ಅಂಗಳಕ್ಕೆ ಹಾಸುಗಲ್ಲು 40 ಸಾವಿರ.

ಪಕ್ಕದಲ್ಲಿ ಸ್ಟೀಲ್ ತಗಡಿನ ಮೇಲೆ ಕ್ಯೂಆರ್ ಕೋಡ್ ಹಾಕಿ ನೋಡಿದೆವು. ಹುಡುಗರ ಆಸೆ. ಗೀರು ಬಿದ್ದು ಸ್ಕ್ಯಾನ್ ಆಗದೆ ತೆಗೆದೆವು. ಈಗ ಯೋಧರ ವಿವರದ ಫೈಲು ಸಂಘದ ಕಪಾಟಿನಲ್ಲಿದೆ, ಕೇಳಿದವರಿಗೆ ಕೊಡ್ತೇವೆ.

ಉಳಿದ 40 ಸಾವಿರ ಚಿಲ್ಲರೆ ಬ್ಯಾಂಕಿನಲ್ಲಿದೆ. ಅದರ ಬಡ್ಡಿ ವರ್ಷದ ತೊಳೆಯುವ ಖರ್ಚಿಗೆ ಸಾಕು. ಬರೀ ನೀರು, ತೆಂಗಿನ ನಾರು, ಅಷ್ಟೇ. ಆಸಿಡ್ ತಾಗಿಸಬೇಡಿ. ಹೆಸರು ಕೆತ್ತಿದ ಮೇಲೆ ಬರ್ಮಾ ಕಡೆ ಹೋಗಿ ಮಡಿದ ಇನ್ನಿಬ್ಬರ ವಿಷಯ ಗೊತ್ತಾಗಿದೆ. ಒಬ್ಬರ ನಂಬರ್ ಸಿಕ್ಕಿತು, ದಾಖಲೆಗೂ ತಾಳೆ ಆಯ್ತು. ಇನ್ನೊಬ್ಬರ ಮನೆಯವರು ಹಳೆ ಪೆಟ್ಟಿಗೆ ಹುಡುಕುತ್ತಿದ್ದಾರೆ. ಕಲ್ಲಿನ ಹಿಂಬದಿಯಲ್ಲಿ ಜಾಗ ಇದೆ. ಮಳೆ ಮುಗಿದ ಮೇಲೆ ಶಿಲ್ಪಿ ಬರ್ತಾರೆ.