ಗೇಮ್ ಚಂದಾ: ಡಾಲರ್ ಬೆಲೆಯನ್ನು ರೂಪಾಯಿಗೆ ತರುವ ಲೆಕ್ಕ

ತಿಂಗಳಿಗೆ 9.99 ಡಾಲರ್ ಚಂದಾ ಇರುವ ಆನ್‌ಲೈನ್ ಗೇಮ್‌ಗೆ ಭಾರತದಲ್ಲಿ ಎಷ್ಟು ಬೆಲೆ ಇಡಬೇಕು? ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡು ಗುಣಿಸಿ 849 ಎಂದು ಬರೆದುಬಿಡುವುದು ಸಣ್ಣ ಸ್ಟುಡಿಯೊಗಳು ಮಾಡುವ ಮೊದಲ ತಪ್ಪು. ವಿನಿಮಯ ದರಕ್ಕೆ ಆಡುವವರ ಜೇಬಿನ ಗಾತ್ರ ಗೊತ್ತಿರುವುದಿಲ್ಲ.

ಜೇಬಿನ ಅಂದಾಜಿಗೆ ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಅಂಕಿ ನೋಡಿ. ಅದರ ಪ್ರಕಾರ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ಇಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಆ ಲೆಕ್ಕದಲ್ಲಿ ಚಂದಾ 200 ರೂಪಾಯಿ. ಹಾಗೆಂದು ಕಣ್ಣುಮುಚ್ಚಿ ಇದನ್ನೇ ಇಡುವಂತಿಲ್ಲ. ಒಮ್ಮೆ ಮಾರಿ ಮುಗಿಯುವ ಗೇಮ್‌ಗೆ ಇನ್ನೊಂದು ಪ್ರತಿ ಕೊಡಲು ಖರ್ಚು ಬಹುತೇಕ ಇಲ್ಲ. ಚಂದಾ ಗೇಮ್‌ನಲ್ಲಿ ಸರ್ವರ್ ಬಿಲ್ ಪ್ರತಿ ತಿಂಗಳೂ ಬಾಗಿಲಿಗೆ ಬರುತ್ತದೆ.

ಆದ್ದರಿಂದ ಮುಂದಿನ ಹೆಜ್ಜೆ ತಳಬೆಲೆ ಹುಡುಕುವುದು. ಸರ್ವರ್, ವಾಯ್ಸ್ ಚಾಟ್, ಗ್ರಾಹಕ ಸೇವೆ ಎಲ್ಲ ಸೇರಿ ತಿಂಗಳಿಗೆ 3 ಲಕ್ಷ ರೂಪಾಯಿ, ಹಣ ಕೊಡುವ ಆಟಗಾರರು 4,000 ಎಂದುಕೊಳ್ಳಿ. ತಲಾ ಖರ್ಚು 75 ರೂಪಾಯಿ. ಬರೀ ಹೆಸರು ನೋಂದಾಯಿಸಿದವರನ್ನೂ ಸೇರಿಸಿ ಭಾಗಿಸಿದರೆ ಲೆಕ್ಕ ಚೆಂದ ಕಾಣುತ್ತದೆ, ಹಣ ಮಾತ್ರ ಸಾಲುವುದಿಲ್ಲ.

ಈಗ ಬೆಲೆಯಿಂದ ಹಿಂದಕ್ಕೆ ಬನ್ನಿ. ಅಮೆರಿಕದಲ್ಲಿ ತೆರಿಗೆ ಬೆಲೆಯ ಮೇಲೆ ಸೇರುತ್ತದೆ, ಇಲ್ಲಿ ಬೆಲೆಯೊಳಗೇ ಇರುತ್ತದೆ. ಚಂದಾ 249 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಶೇ 18 ಜಿಎಸ್‌ಟಿ ತೆಗೆದರೆ 211. ಆ್ಯಪ್ ಸ್ಟೋರ್ ಕಮಿಷನ್ ಶೇ 15 ಆದರೆ ಕೈಗೆ 179, ಶೇ 30 ಆದರೆ 148. ಎರಡರಲ್ಲೂ 75 ಕಳೆದು ಉಳಿಯುತ್ತದೆ. ‘ಅಗ್ಗ ಮಾಡಿದರೆ ಜನ ಬರುತ್ತಾರೆ’ ಎಂದು 99ಕ್ಕೆ ಇಳಿಸಿದರೆ ಶೇ 15 ಕಮಿಷನ್‌ನಲ್ಲೂ ಸಿಗುವುದು 71. ಬಂದ ಪ್ರತಿಯೊಬ್ಬರ ಮೇಲೂ ನಾಲ್ಕು ರೂಪಾಯಿ ನಷ್ಟ. ಆಟಗಾರರು ಹೆಚ್ಚಿ ತಲಾ ಖರ್ಚು ಇಳಿದರೆ ಆಗ ಇಳಿಸಿ. ಇನ್ನೊಂದು ಮಾತು: ಮುಂಬೈನಲ್ಲಿ ಸರ್ವರ್ ಇಡದೆ, 200 ಮಿಲಿಸೆಕೆಂಡ್ ಪಿಂಗ್‌ನಲ್ಲಿ (ಸಂಕೇತ ಸರ್ವರ್ ಮುಟ್ಟಿ ಮರಳುವ ಹೊತ್ತು) ಒದ್ದಾಡುವವರಿಂದ ಪೂರ್ತಿ ಬೆಲೆ ಕೇಳುವುದು ದಬ್ಬಾಳಿಕೆಯೇ.

ಅಗ್ಗದ ಬೆಲೆ ಸೋರುವುದು ಗಡಿಯಲ್ಲಿ. ಅರ್ಜೆಂಟೀನಾ ಮತ್ತು ಟರ್ಕಿಯಲ್ಲಿ ಗೇಮ್ ಮಾರುವ ಆನ್‌ಲೈನ್ ಮಳಿಗೆ ಸ್ಟೀಮ್ 2023ರ ನವೆಂಬರ್ 20ರಿಂದ ಸ್ಥಳೀಯ ಕರೆನ್ಸಿ ಬಿಟ್ಟು ಡಾಲರಿಗೆ ಹೋಯಿತು. ವಿನಿಮಯ ದರದ ಏರಿಳಿತ ಕಾರಣ ಎಂದು ಕಂಪನಿ ಹೇಳಿತು. ಹೊರಗಿನವರು, ಬೇರೆ ದೇಶದಲ್ಲಿರುವಂತೆ ತೋರಿಸುವ ವಿಪಿಎನ್ ಹಾಕಿ ಅಲ್ಲಿನ ಖಾತೆ ತೆರೆಯುತ್ತಿದ್ದುದೂ ಗುಟ್ಟಾಗಿರಲಿಲ್ಲ. ಬೆಲೆ ಏರಿ ಪೆಟ್ಟು ತಿಂದವರು ಅಲ್ಲಿಯೇ ಇದ್ದ ಆಟಗಾರರು.

ಹಾಗಾಗಿ ಬೆಲೆಯನ್ನು ಐಪಿ ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ಸಾಧನದ ಗುರುತಿನ ಸಂಖ್ಯೆ) ಕಟ್ಟಬೇಡಿ, ಹಣ ಬರುವ ದಾರಿಗೆ ಕಟ್ಟಿ. ಯಾವ ದೇಶದ ಬ್ಯಾಂಕ್ ಕೊಟ್ಟ ಕಾರ್ಡ್ ಎಂಬುದು ಅದರ ಮೊದಲ 6ರಿಂದ 8 ಅಂಕಿಗಳಲ್ಲೇ ತಿಳಿಯುತ್ತದೆ. ಐಪಿ ನೋಡಿ ತಡೆದರೆ ಮೈಸೂರಿನಿಂದ ಓದಲು ಜರ್ಮನಿಗೆ ಹೋದ ಹುಡುಗಿಯ ಚಂದಾ ಮರುದಿನವೇ ನಿಲ್ಲುತ್ತದೆ. ದೇಶ ಬದಲಿಸಲು ಮೂರು ತಿಂಗಳಿಗೊಮ್ಮೆ ಅವಕಾಶ ಕೊಟ್ಟರೆ ಸಾಕು. ದುಬೈನಲ್ಲಿದ್ದು ಎನ್‌ಆರ್‌ಇ ಖಾತೆಯ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಯುಪಿಐನಿಂದ ಕಟ್ಟುವವರೂ ಇರುತ್ತಾರೆ. ಅವರ ಬೆನ್ನು ಹತ್ತುವುದು ದಂಡ. ಆಟದೊಳಗಿನ ವಸ್ತುಗಳನ್ನು ಬೇರೆ ದೇಶದ ಖಾತೆಗೆ ಉಡುಗೊರೆ ಕೊಡುವುದಕ್ಕೆ ಮಾತ್ರ ಮಿತಿ ಹಾಕಿ.

ಭಾರತದಲ್ಲಿ ಚಂದಾ ಎರಡನೇ ತಿಂಗಳಲ್ಲೇ ಕಡಿದುಹೋಗಬಹುದು. ತಾನಾಗಿ ಹಣ ಕಡಿತವಾಗಬೇಕಾದರೆ ಮೊದಲ ಸಲ ಒಟಿಪಿ ಅಥವಾ ಪಿನ್ ಕೊಟ್ಟು ನೋಂದಾಯಿಸಬೇಕು, ಪ್ರತಿ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಇದಕ್ಕೆ ಹೊಂದದ ವಿದೇಶಿ ಪೇಮೆಂಟ್ ಗೇಟ್‌ವೇಯಲ್ಲಿ (ಆನ್‌ಲೈನ್ ಪಾವತಿ ನಡೆಸಿಕೊಡುವ ಸೇವೆ) ಮೊದಲ ಪಾವತಿ ಆಗುತ್ತದೆ, ಮುಂದಿನದು ತಿರಸ್ಕೃತವಾಗುತ್ತದೆ. ಯುಪಿಐ ಆಟೊಪೇ ಇರುವ ಗೇಟ್‌ವೇ ಆರಿಸಿ. ಜತೆಗೆ 30 ಮತ್ತು 90 ದಿನಗಳ ಪ್ರಿಪೇಯ್ಡ್ ಪಾಸ್ ಇಡಿ. ಮೊಬೈಲ್ ರೀಚಾರ್ಜ್ ಅಭ್ಯಾಸವಿರುವ ಜನಕ್ಕೆ ಅದು ಹೊಸದೇನಲ್ಲ.

ವರ್ಷಕ್ಕೊಮ್ಮೆ ಲೆಕ್ಕ ಮರುಪರಿಶೀಲಿಸಿ. ಬೆಲೆ ಏರಿಸುವುದಾದರೆ ಹೊಸಬರಿಗೆ ಮೊದಲು ಏರಿಸಿ. ಒಪ್ಪಿಗೆ ಕೇಳಬೇಕಾದ ಕಡೆ, ಹಳೆಯ ಚಂದಾದಾರರು ‘ಒಪ್ಪುತ್ತೇನೆ’ ಒತ್ತದಿದ್ದರೆ ಅವರ ಚಂದಾ ರದ್ದಾಗುತ್ತದೆ.